ಅವ್ವನನ್ನು ಹೊಗಳಬೇಡಿ

ಮೊನ್ನೆ ಶಾಲೆಯ ಸ್ಟಾಫ್ ರೂಮಿನ ಹೊಸ್ತಿಲಿಗೆ ಕಾಲಿನ ಕಿರುಬೆರಳು ಬಡಿದು ಕಣ್ಣ ಮುಂದೆ ಚುಕ್ಕಿ ಕಂಡವು. ಇಂಥ ಹೊತ್ತಿನಲ್ಲಿ ಜನ ಹೊಸ್ತಿಲಿಗೆ ಬೈಯುತ್ತಾರೆ, ಅದನ್ನು ಕೂರಿಸಿದ ಬಡಗಿಗೆ ಬೈಯುತ್ತಾರೆ, ಸಿಟ್ಟು ಇನ್ನೂ ಉಳಿದಿದ್ದರೆ ಹೆಡ್‌ಮಾಸ್ತರರಿಗೂ ಬೈಯುತ್ತಾರೆ. ನಾನು "ಹೋಗ್ಲಿ, ಇದು ನಮ್ಮವ್ವಗ" ಅಂದೆ. ಸಾಲೋಟಗಿಯ ಈ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರು ಚಹಾ ಸೋಸುತ್ತಿದ್ದವರು ಕೈ ನಿಲ್ಲಿಸಿದರು.

"ಅಕ್ಕೋರ, ಹೊಸ್ತಿಲಾ ಬಡದ್ರ ತೀರಿಕೊಂಡ ಅವ್ವಗ ಯಾಕ ಬೈತೀರಿ?"

"ಬೈಲಿಲ್ರಿ. ಕೊಟ್ಟೆ."

"ಏನ ಕೊಟ್ರಿ?"

"ಬೆರಳಿನ ನೋವು."

ಅವರು ನನ್ನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದರು. ತಲೆಗೆ ಪೆಟ್ಟು ಬಿದ್ದವರಿಗೆ ಹಾಗೆ ಮಾಡಬೇಕೆಂದು ಅವರ ವಿಜ್ಞಾನದಲ್ಲಿ ಇರಬಹುದು. ನಾನು ಕಲಿಸುವುದು ಗಣಿತ. ಗಣಿತದ ಅಕ್ಕೋರು ಹೊಸ್ತಿಲಿನ ಜೊತೆ ಮಾತಾಡುತ್ತಾರೆ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಶಾಲೆಯಲ್ಲೆಲ್ಲ ಹಬ್ಬಿತ್ತು. ಹಬ್ಬಲಿ. ಅದರ ನಾಚಿಕೆಯನ್ನೂ ಅವ್ವನಿಗೇ ಕಳಿಸಿದೆ.

ಇದು ಅರ್ಥವಾಗಬೇಕಾದರೆ ನಮ್ಮ ಮನೆಯ ವಿಷಯ ಒಂದಿಷ್ಟು ಹೇಳಬೇಕು. ನಾವು ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಥೋಲಿಕರು. ಇಂಡಿಯಲ್ಲಿ ಲಿಂಬೆಹಣ್ಣು ಹೇರಳ, ಕಥೋಲಿಕರು ವಿರಳ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚರ್ಚು ಎಲ್ಲಿ ಎಂದು ಕೇಳಿದರೆ ಸಕ್ಕರೆ ಕಾರ್ಖಾನೆಯ ದಾರಿ ತೋರಿಸುವವರೂ ಇದ್ದಾರೆ. ಸಿಂದಗಿಯ ಕಡೆಯಿಂದ ಫಾದರ್ ಬಂದಾಗ ಚರ್ಚಿನಲ್ಲಿ ಬಲಿಪೂಜೆ, ಬರದಿದ್ದಾಗ ಮನೆಯಲ್ಲೇ ಜಪಮಾಲೆ. ಅಪ್ಪ ಅಂತೋನಪ್ಪ ಇಂಡಿ-ಚಡಚಣ ನಡುವೆ ಟೆಂಪೋ ಓಡಿಸುತ್ತಿದ್ದ. ಅವ್ವ ತೆರೆಸವ್ವ ಮನೆಯಲ್ಲಿದ್ದುಕೊಂಡು ಸತ್ತವರನ್ನು ನೋಡಿಕೊಳ್ಳುತ್ತಿದ್ದಳು.

ಹೌದು, ಸತ್ತವರನ್ನೇ. ಬದುಕಿದ್ದ ನಮ್ಮನ್ನೂ ನೋಡಿಕೊಳ್ಳುತ್ತಿದ್ದಳು ಅನ್ನಿ, ಆದರೆ ಅದರಲ್ಲಿ ಅಷ್ಟು ಶಿಸ್ತು ಇರಲಿಲ್ಲ. ರೊಟ್ಟಿ ತಟ್ಟುವಾಗ ಹಂಚು ತಾಗಿ ಕೈ ಸುಟ್ಟರೆ "ಇದು ನಮ್ಮವ್ವಗ" ಅನ್ನುತ್ತಿದ್ದಳು. ಅನ್ನದಲ್ಲಿ ಕಲ್ಲು ಕಚ್ಚಿದರೆ "ಇದು ಸೋದರಮಾವಗ". ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತರೆ "ಇದು ಯಾರೂ ಇಲ್ಲದ ಆತ್ಮಗಳಿಗೆ". ನಮ್ಮ ನೋವನ್ನು ದೇವರಿಗೆ ಒಪ್ಪಿಸಿದರೆ ಅದು ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗೆ ನೆರವಾಗುತ್ತದೆ ಎಂಬುದು ನಮ್ಮ ಹಳಬರ ನಂಬಿಕೆ. ಅವ್ವ ಅದನ್ನು ನಂಬಿ ಸುಮ್ಮನಿರಲಿಲ್ಲ, ದಿನದ ಕೆಲಸ ಮಾಡಿಕೊಂಡಿದ್ದಳು. ಇಂಡಿಯ ಬಿಸಿಲು, ನೀರು, ಬಸ್ಸು ಇವು ಇರುವಾಗ ಒಪ್ಪಿಸುವುದಕ್ಕೆ ಏನು ಕೊರತೆ ಹೇಳಿ?

ಚಿಕ್ಕವಳಿದ್ದಾಗ ನಾನು ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ "ಸಂತರ ಅನ್ಯೋನ್ಯತೆಯನ್ನು ವಿಶ್ವಾಸಿಸುತ್ತೇನೆ" ಎಂದು ಮಗ್ಗಿ ಒಪ್ಪಿಸಿದಷ್ಟೇ ವೇಗವಾಗಿ ಹೇಳಿ ಮುಗಿಸುತ್ತಿದ್ದೆ. ಹಾಗಂದರೇನು ಎಂದು ಒಂದು ಸಲ ಅವ್ವನನ್ನು ಕೇಳಿದೆ. ಅವ್ವ ನಲ್ಲಿಯ ಮುಂದೆ ಕೊಡ ಹಿಡಿದು ಕುಳಿತಿದ್ದಳು. ನಮ್ಮೂರಲ್ಲಿ ನಲ್ಲಿ ನೀರು ಬರುವುದು ನೆಂಟರು ಬಂದ ಹಾಗೆ, ಬಂದ ದಿನವೇ ಹಬ್ಬ.

"ಧರ್ಮಸಭಾ ಅಂದ್ರ ಒಂದ ಮನಿ ಅಂತ ತಿಳ್ಕೋ," ಅಂದಳು. "ನಾವು ಹೊರಗ ಕಟ್ಟಿ ಮ್ಯಾಲ ಅದೀವಿ. ಸಂತರು ಒಳಗ ಊಟಕ್ಕ ಕುಂತಾರ. ನಡಕ ಬಚ್ಚಲ ಐತಿ. ಹೊಲದಾಗ ದುಡದ ಬಂದಾವ ಕೈಕಾಲ ತೊಳಕೊಳ್ದ ಊಟಕ್ಕ ಕುಂದರ್ತಾನೇನು?"

"ಇಲ್ಲ."

"ಮತ್ತ? ಬಚ್ಚಲದಾಗ ಇದ್ದಾವನೂ ಮನಿಯಾವನಽ. ಅವನ್ನ ಯಾರೂ ಹೊರಗ ಹಾಕೂದಿಲ್ಲ. ಆದ್ರ ಮೈಗೆಲ್ಲಾ ಸಾಬಾನ ಹಚ್ಚಿಕೊಂಡ ನಿಂತಾನ, ಕಣ್ಣ ತೆಗಿಯಾಕ ಬರೂದಿಲ್ಲ. ನೀರ ತಾನಽ ತಂದಕೊಳ್ಳಾಕ ಬರ್ತೈತೇನು? ಮನಿ ಮಂದಿ ತಂದ ಹಾಕಬೇಕು. ಅದಕ್ಕ ಅನ್ಯೋನ್ಯ ಅಂತಾರ. ಈಗ ಆ ಇನ್ನೊಂದ ಕೊಡ ತಾ."

ಆಮೇಲೆ ದೊಡ್ಡ ದೊಡ್ಡ ಗುರುಗಳ ಪ್ರವಚನ ಕೇಳಿದ್ದೇನೆ. ಯಾತ್ರೆಯಲ್ಲಿರುವ ಸಭೆ, ಶುದ್ಧಿಯಲ್ಲಿರುವ ಸಭೆ, ಮಹಿಮೆಗೆ ಸೇರಿದ ಸಭೆ, ಮೂರೂ ಸೇರಿ ಒಂದೇ ಸಭೆ ಎಂದು ಅವರು ವಿವರಿಸುವಾಗ ನಾನು ತಲೆಯಾಡಿಸುತ್ತೇನೆ. ನನಗೆ ಕಾಣುವುದು ಮಾತ್ರ ನಮ್ಮ ಮನೆಯ ಕಟ್ಟೆ, ಬಚ್ಚಲು, ಪಡಸಾಲೆ.

ಅವ್ವನ ಈ ವ್ಯವಹಾರದಲ್ಲಿ ನಾನೂ ಬೇಗನೆ ಕೈ ಹಾಕಿದೆ. ನನಗೆ ಬೇಡವಾದುದನ್ನೆಲ್ಲ ಆತ್ಮಗಳಿಗೆ ದಾನ ಮಾಡತೊಡಗಿದೆ. ಹಾಗಲಕಾಯಿ ಪಲ್ಯ ಆತ್ಮಗಳಿಗೆ, ಇತಿಹಾಸದ ಪರೀಕ್ಷೆ ಆತ್ಮಗಳಿಗೆ. ಒಂದು ದಿನ ಹಾಗಲಕಾಯಿಯನ್ನು ತಾಟಿನ ಅಂಚಿಗೆ ಸರಿಸಿ "ಇದು ಯಾರೂ ಇಲ್ಲದ ಆತ್ಮಗಳಿಗೆ" ಎಂದು ಏಳಲು ಹೊರಟಾಗ ಅವ್ವ ಜಡೆ ಹಿಡಿದು ಕೂರಿಸಿದಳು. "ತಿಂದ ಕೊಡಬೇಕು, ಬಿಟ್ಟ ಕೊಡೂದಲ್ಲ. ಬ್ಯಾಡಾಗಿದ್ದನ್ನ ಒಗಿಯಾಕ ಅವರೇನ ತಿಪ್ಪಿ ಮಾಡಿಕೊಂಡ ಕುಂತಾರೇನು?" ನಾನು ಹಾಗಲಕಾಯಿ ತಿಂದೆ. ಅಂದು ಯಾವುದೋ ಆತ್ಮ ಒಂದು ತಂಬಿಗೆ ನೀರು ಕಂಡಿರಬೇಕು.

ಅಪ್ಪನಿಗೆ ಇದೆಲ್ಲ ತಮಾಷೆ. "ಸತ್ತವ್ರಿಗೆ ಇಷ್ಟ ಕಾಳಜಿ ಮಾಡ್ತೀ, ಬದುಕಿದಾವಗ ಒಂದ ಕಪ್ ಚಾ ಕೊಡಾಕ ಇಷ್ಟೊತ್ತು" ಎನ್ನುತ್ತಿದ್ದ.

"ನೀ ಸಾಯಿ, ನಿನಗೂ ಮಾಡ್ತೇನಿ," ಎಂದು ಅವ್ವ ಒಳಗಿನಿಂದಲೇ ಹೇಳುತ್ತಿದ್ದಳು.

ಅಪ್ಪ ಒಂದು ಮೇ ತಿಂಗಳು, ಬೆಳಗಿನ ಟ್ರಿಪ್ಪಿಗೆ ಟೆಂಪೋ ತೊಳೆಯುತ್ತಿದ್ದವನು ಬಕೆಟ್ಟಿನ ಪಕ್ಕದಲ್ಲೇ ಕುಸಿದು ಹೋದ. ಅವ್ವ ಕೊಟ್ಟ ಮಾತಿನಂತೆ ನಡೆದುಕೊಂಡಳು. ಅತ್ತಳು, ಚೆನ್ನಾಗಿಯೇ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಂತಳು.

ಆ ಕೆಲಸದ ಮೊದಲ ರುಚಿ ಸಿಕ್ಕಿದ್ದು ಟೆಂಪೋ ಸ್ಟ್ಯಾಂಡಿನವರಿಗೆ. ಅಪ್ಪನ ಜೊತೆಯ ಡ್ರೈವರುಗಳು ಪ್ರೀತಿಯಿಂದ ಒಂದು ಫ್ಲೆಕ್ಸ್ ಮಾಡಿಸಿ ಕಂಬಕ್ಕೆ ಕಟ್ಟಿದ್ದರು. ಅಪ್ಪನ ನಗುವ ಫೋಟೋ, ಹಿಂದೆ ಮೋಡ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಸ್ವರ್ಗವಾಸಿ ಅಂತೋನಪ್ಪ'. ಅವ್ವ ಬಿಳಿ ಸೀರೆಯಲ್ಲೇ ಅಲ್ಲಿಗೆ ಹೋಗಿ ಕಂಬದ ಮುಂದೆ ನಿಂತಳು.

"ಸ್ವರ್ಗವಾಸಿ ಅಂತ ಯಾರು ನೋಡಿ ಬಂದೀರಿ?"

"ವೈನಿ, ಎಲ್ಲಾರಿಗೂ ಹಂಗಽ ಬರಸ್ತೇವ್ರಿ," ಎಂದ ಒಬ್ಬ ಡ್ರೈವರ್, ತಪ್ಪೇನಾಯಿತೆಂದು ತಿಳಿಯದೆ.

"ಮಂದಿನ್ನ ಬಿಸಲಾಗ ಕುಂದ್ರಿಸಿ, ಐದ ಮಿನಿಟ್ನ್ಯಾಗ ಹೊಂಟೇವಿ ಅಂತ ಸುಳ್ಳ ಹೇಳ್ತಿದ್ದ. ಅದೆಲ್ಲಾ ಎಲ್ಲಿ ಹೋಗ್ಬೇಕು? ಅವ ಇನ್ನಾ ಮುಟ್ಟಿಲ್ಲ. ತೆಗೀರಿ ಅದನ್ನ."

ಆ ಸುಳ್ಳನ್ನು ದಿನಾ ಹೇಳುವವರೇ ಸುತ್ತ ನಿಂತಿದ್ದರು. ಒಬ್ಬ ಹೋಗಿ ಸುಣ್ಣ ತಂದು 'ಸ್ವರ್ಗವಾಸಿ' ಮೇಲೆ ಬಳಿದ. ಆ ವಾರವೆಲ್ಲ ನಮ್ಮೂರ ಟೆಂಪೋಗಳು ಹೇಳಿದ ಹೊತ್ತಿಗೆ ಬಿಟ್ಟವು ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ.

ಅಲ್ಲಿಂದ ಮುಂದೆ ಅವ್ವನ ಮೊಣಕಾಲು ನೋವು, ಹಲ್ಲುನೋವು, ತಪ್ಪಿದ ಬಸ್ಸು ಎಲ್ಲವೂ 'ನಿಮ್ಮಪ್ಪಗ'. ಅಪ್ಪನ ತಪ್ಪುಗಳನ್ನು ಅವಳಷ್ಟು ಪ್ರೀತಿಯಿಂದ ನೆನಪಿಟ್ಟವರನ್ನು ನಾನು ಕಂಡಿಲ್ಲ. ಒಂದು ದಿನ ನಾನು, "ಇನ್ನಾ ಎಷ್ಟ ದಿನಾ ಹಾಕ್ತೀ ಅವ್ವಾ? ಅಪ್ಪ ಇಷ್ಟರಾಗ ಸ್ವಚ್ಛ ಆಗಿ ಒಳಗ ಹೋಗಿರಬಹುದು" ಅಂದೆ. "ಹೋಗಿದ್ರ ಚೊಲೋನ ಆತಲ್ಲ," ಅಂದಳು. "ನೀರ ಏನ ಚೆಲ್ಲಿ ಹೋಗೂದಿಲ್ಲ. ಅವನ ಹಿಂದ ನಿಂತಾವಗ ಸಿಗ್ತೈತಿ."

ಇದನ್ನು ಒಪ್ಪದವಳು ಒಬ್ಬಳೇ, ಮುದ್ದೇಬಿಹಾಳದ ಸಿಸಿಲತ್ತಿ, ಅಪ್ಪನ ಅಕ್ಕ. ಪ್ರತಿ ವರ್ಷ ನವೆಂಬರಿನಲ್ಲಿ ಅಗಲಿದವರ ದಿನಕ್ಕೆ ಅವಳು ಸೇವಂತಿಗೆ ಹೂವಿನ ಚೀಲ ಹಿಡಿದು ಬಸ್ಸಿಳಿಯುತ್ತಿದ್ದಳು. ಅವ್ವ ಮತ್ತು ಅತ್ತಿ ಅಪ್ಪನ ಗೋರಿಯ ಎರಡು ಬದಿಗೆ ನಿಲ್ಲುತ್ತಿದ್ದರು. ಅವ್ವ, "ತಂದೀ, ಅಂತೋನಪ್ಪನ ಆತ್ಮಕ್ಕ ಶಾಂತಿ ಕೊಡು" ಎಂದರೆ, ಅತ್ತಿ ಅದಕ್ಕಿಂತ ದೊಡ್ಡ ದನಿಯಲ್ಲಿ, "ತಮ್ಮಾ, ನೀ ದೇವರ ಹಂತ್ಯಾಕ ಅದೀ, ನಮ್ಮ ಸಲುವಾಗಿ ಕೇಳು" ಎನ್ನುತ್ತಿದ್ದಳು. ಒಬ್ಬಳು ಅಪ್ಪನಿಗಾಗಿ ಬೇಡುವವಳು, ಇನ್ನೊಬ್ಬಳು ಅಪ್ಪನನ್ನೇ ಬೇಡುವವಳು. ನಾನು ನಡುವೆ ನಿಂತು ಗಾಳಿಗೆ ಆರುವ ಮೇಣದಬತ್ತಿ ಹೊತ್ತಿಸುತ್ತ ಇಬ್ಬರಿಗೂ ಆಮೆನ್ ಅನ್ನುತ್ತಿದ್ದೆ.

"ನನ್ನ ತಮ್ಮ ಮುಗ್ಧ ಇದ್ದ. ಸೀದಾ ಹ್ವಾದ," ಎಂದು ಅತ್ತಿ ದಾರಿಯುದ್ದಕ್ಕೂ ಹೇಳುತ್ತಿದ್ದಳು.

"ಮುಗ್ಧ! ಎಮ್ಮಿ ಅಡ್ಡ ಬಂದ್ರ ಆ ಎಮ್ಮಿ ವಂಶಕ್ಕೆಲ್ಲಾ ಬೈತಿದ್ದ," ಎಂದು ಅವ್ವ ಹೇಳುತ್ತಿದ್ದಳು.

ಸ್ವರ್ಗದ ವಿಷಯಕ್ಕೇ ಇವರಿಬ್ಬರ ಜಗಳ ಎಂದು ನಾನು ಬಹಳ ವರ್ಷ ನಂಬಿದ್ದೆ. ಲೆಕ್ಕ ಕಲಿಸುವವರಿಗೆ ಉತ್ತರ ಬೇಗ ಸಿಕ್ಕಿದರೆ ಮತ್ತೆ ತಾಳೆ ನೋಡುವ ಚಟ ಇರುವುದಿಲ್ಲ.

ಆಮೇಲೆ ಅವ್ವನ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆಂದು ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದು ಶುರುವಾಯಿತು. ದಪ್ಪ ಸೂಜಿ ಚುಚ್ಚುವಾಗ ನರ್ಸಮ್ಮ "ನೋವಾತೇನ್ ಆಯಿ?" ಎಂದು ಕೇಳಿದರೆ, "ಆಗ್ಲಿ ಬಿಡವಾ, ಬೇಕಾಗೈತಿ" ಎನ್ನುತ್ತಿದ್ದಳು. ಅಷ್ಟು ದೊಡ್ಡ ನೋವು ಅವಳ ಕೈಗೆ ಎಂದೂ ಬಂದಿರಲಿಲ್ಲ. ಒಂದು ಹನಿಯೂ ಪೋಲಾಗದಂತೆ ಅಪ್ಪನಿಗೆ ಕಳಿಸುತ್ತಿದ್ದಳು.

ಹಾಗೆ ಒಂದು ಮಧ್ಯಾಹ್ನ ವಿಜಯಪುರದಿಂದ ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವ, ಅವಳ ಪಕ್ಕ ನಾನು. ಕಾಲ ಬಳಿ ಯಾರದೋ ಖಾಲಿ ಲಿಂಬೆಹಣ್ಣಿನ ಚೀಲಗಳು. ಅವ್ವ ಕೈ ಚಾಚಿ ನನ್ನ ಕೈ ಹಿಡಿದಳು.

"ಒಂದ ಮಾತ ಕೇಳ್ತೀ?"

"ಹೇಳವ್ವಾ."

"ನಾ ಸತ್ತ ಮ್ಯಾಲ ನನ್ನ ಯಾರೂ ಹೊಗಳದಂಗ ನೋಡ್ಕೋ."

ನಾನು ನಕ್ಕೆ. ಅವ್ವ ನಗಲಿಲ್ಲ.

"ನಗಬ್ಯಾಡ. ನಿಮ್ಮಪ್ಪಂದ ಚಿಂತಿ ಇದ್ದಿಲ್ಲ. ಅವನ್ನ ಸಂತ ಅನ್ನಾವ್ರು ನಿಮ್ಮತ್ತಿ ಒಬ್ಬಾಕಿನಽ, ಮ್ಯಾಲ ನಾ ಇದ್ದೆ. ನಂದ ಹಂಗಲ್ಲ. ಓಣ್ಯಾಗ ಎಲ್ಲಾರೂ ನನ್ನ ಚೊಲೊ ಅಂತಾರ. ಚೊಲೊ ಅನ್ನಿಸಿಕೊಂಡವ್ರದು ಬಾಳ ತ್ರಾಸ ಐತಿ. ಕುಡಕ ಸತ್ರ, ಪಾಪ ಏನಾತೋ ಅಂತ ಎಲ್ಲಾರೂ ಬೇಡ್ತಾರ. ಚೊಲೊ ಹೆಣಮಗಳು ಸತ್ರ ಅವತ್ತಽ ಸ್ವರ್ಗಕ್ಕ ಕಳಿಸಿ ಕೈ ತೊಳಕೋತಾರ. ಆಮ್ಯಾಲ ನನಗ್ಯಾರು ನೀರ ತರಾವ್ರು?"

ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಬಸ್ಸಿನ ಕುಲುಕಾಟಕ್ಕೆ ಅಂದುಕೊಂಡಿದ್ದೆ, ಆದರೆ ಬಸ್ಸು ನಿಂತಾಗಲೂ ಹಿಡಿತ ಸಡಿಲಾಗಲಿಲ್ಲ. ಅವ್ವ ಅಂಜಿದ್ದಳು. ಸೂಜಿಗೆ ಅಂಜದವಳು, ಸಾವಿಗೆ ಅಂಜದವಳು, ಒಳ್ಳೆಯವಳೆಂಬ ಹೆಸರಿಗೆ ಅಂಜಿದ್ದಳು.

"ಹಂತಾದ್ದೇನ ತಪ್ಪ ಮಾಡೀ ಅವ್ವಾ ನೀ?" ಎಂದು ಕೇಳಿದೆ.

ಅವ್ವ ಕಿಟಕಿಯ ಕಡೆ ತಿರುಗಿದಳು. "ಅದನ್ನೆಲ್ಲಾ ಬಸ್ಸಿನಾಗ ಹೇಳ್ತಾರೇನು? ಮಾತ ಕೊಡು."

ಕೊಟ್ಟೆ.

ಅವ್ವ ಹೋದದ್ದು ಜನವರಿಯ ತಣ್ಣನೆಯ ಬೆಳಗಿನಲ್ಲಿ. ಅವಳು ಅಂಜಿದಂತೆಯೇ ಆಯಿತು. ಮೊದಲು ಬಂದವರು ಪಕ್ಕದ ಮನೆಯ ಗಂಗವ್ವ ಕಾಕು. ಅವರ ತವರು ಬಸವನ ಬಾಗೇವಾಡಿ, ಹಣೆಯ ವಿಭೂತಿ ಎಂದೂ ಮಾಸಿದ್ದಿಲ್ಲ. ಅವ್ವನ ಕಾಲು ಮುಟ್ಟಿ, "ಪುಣ್ಯವಂತಿ. ಶಿವನ ಪಾದಾ ಸೇರಿದ್ಲು," ಎಂದು ಕಣ್ಣೀರು ಹಾಕಿದರು.

"ಕಾಕು, ಇನ್ನಾ ಸೇರಿಲ್ರಿ. ಅವ್ವನ ಸಲುವಾಗಿ ನೀವೂ ದೇವರಿಗೆ ಕೇಳ್ಕೋಬೇಕು," ಅಂದೆ.

ಕಾಕು ನನ್ನ ತಲೆ ಸವರಿದರು. "ದುಃಖದಾಗ ಹಿಂಗ ಮಾತಾಡಾಕತ್ತೀ ಯವ್ವಾ. ನಮ್ಮಲ್ಲಿ ಹಂಗೆಲ್ಲಾ ಇಲ್ಲ. ಹ್ವಾದಾವ್ರು ಶಿವನ ಕೂಡಿದ್ರು, ಮುಗೀತು. ನಿಮ್ಮವ್ವನಂಥಾಕಿನ್ನ 'ಬಾ' ಅನ್ನಾಕ ಶಿವ ಹಿಂದ ಮುಂದ ನೋಡ್ತಾನೇನು?"

ಆ 'ಮುಗೀತು' ಎಂಬ ಮಾತಿನಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಅದರ ಮೇಲೆ ತಲೆಯಿಟ್ಟು ಮಲಗಿಬಿಡಬೇಕು ಅನಿಸಿತು. ಆದರೆ ಬಸ್ಸಿನಲ್ಲಿ ಅವ್ವ ಹಿಡಿದ ಹಿಡಿತ ನನ್ನ ಕೈಯಲ್ಲಿ ಇನ್ನೂ ಇತ್ತು. "ಆದ್ರೂ ಕೇಳ್ಕೋರಿ ಕಾಕು," ಅಂದೆ. ಕಾಕು ನನ್ನ ಸಮಾಧಾನಕ್ಕೆಂದು, "ಆತವಾ, ದಿನಾ ಲಿಂಗಪೂಜಿ ಹೊತ್ತಿನಾಗ ಹೇಳ್ತೇನಿ" ಎಂದರು. ಹೇಳುತ್ತಲೂ ಇದ್ದಾರೆ.

ಮುಂದೆ ಫ್ಲೆಕ್ಸ್. ಶಾಲೆಯವರು ಮಾಡಿಸಿಯೇ ತೀರುತ್ತೇವೆ ಎಂದರು. ಬೇಡವೆಂದರೆ ಸಹೋದ್ಯೋಗಿಗಳ ಪ್ರೀತಿಗೆ ಅವಮಾನ, ಬೇಕೆಂದರೆ ಅವ್ವನ ಮಾತಿಗೆ ದ್ರೋಹ. ನಾನೇ ಹೋಗಿ ಅಂಗಡಿಯಲ್ಲಿ ಕುಳಿತೆ. ಅಂಗಡಿಯ ರಫೀಕ್ ಕಂಪ್ಯೂಟರಿನ ಮುಂದೆ ಕೈ ಆಡಿಸುತ್ತ, "ಅಕ್ಕೋರ, ಲಿಂಗೈಕ್ಯ ಐತಿ, ಸ್ವರ್ಗವಾಸಿ ಐತಿ, ಮರ್ಹೂಮ್ ಐತಿ. ನಿಮಗ್ಯಾವ್ದು ಹಾಕ್ಲಿ?" ಎಂದ.

"ಯಾವ್ದೂ ಬ್ಯಾಡಪ್ಪ. 'ತೆರೆಸವ್ವನ ಸಲುವಾಗಿ ಪ್ರಾರ್ಥಿಸಿರಿ' ಅಂತ ಅಷ್ಟಽ ಹಾಕು. ಹಿಂದ ಮೋಡ ಬ್ಯಾಡ."

ಹೇಗೆ ತಿಳಿಸಿ ಹೇಳುವುದು ಎಂದು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ, ಬೇಕಾಗಲೇ ಇಲ್ಲ. "ದುವಾ ಮಾಡ್ರಿ ಅಂದಂಗ," ಎಂದ ರಫೀಕ್. "ನಮ್ಮಲ್ಲೂ ಮಾಡ್ತೇವ್ರಿ. ಹೋದವ್ರಿಗೆ ಮಾಫಿ ಕೊಡು ಅಂತ ಅಲ್ಲಾಗ ಕೇಳ್ಕೋತೀವಿ. ನಾವು ಕೇಳ್ದ ಮತ್ಯಾರು ಕೇಳ್ತಾರ್ರಿ?" ಇಂಡಿಯಲ್ಲಿ ಅವ್ವನ ಪಕ್ಷಕ್ಕೆ ಒಂದು ಮತ ಹೆಚ್ಚಾಯಿತು.

ಮಣ್ಣಿನ ದಿನ ಸಿಂದಗಿಯ ಕಡೆಯ ಫಾದರ್ ಬಂದರು. ಹೊಸಬರು, ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತುಗಾರರು. ಅದೇ ತೊಂದರೆಯಾಯಿತು. ಅವ್ವನ ಉಪವಾಸ, ಜಪ, ದಾನಗಳನ್ನು ವರ್ಣಿಸಿ, "ತೆರೆಸವ್ವನವರು ಇಂದು ಸ್ವರ್ಗದಲ್ಲಿ ನಿಂತು ನಮಗಾಗಿ ಪ್ರಾರ್ಥಿಸುತ್ತಿದ್ದಾರೆ" ಎಂದುಬಿಟ್ಟರು. ನಾನು ಕೆಮ್ಮಿದೆ. ಅವರು ನೀರು ಕೊಡಿಸಿದರು, ಹೊಗಳಿಕೆ ನಿಲ್ಲಿಸಲಿಲ್ಲ. ಗೋರಿಗೆ ಮಣ್ಣು ಹಾಕಿದ ಮೇಲೆ ಅವರನ್ನು ಬೇವಿನ ಮರದ ಬಳಿ ಹಿಡಿದು ನಿಲ್ಲಿಸಿ ಅವ್ವನ ಕೋರಿಕೆ ಹೇಳಿದೆ. ಅವರ ಮುಖ ಕೆಂಪಾಯಿತು. "ತಪ್ಪಾಯ್ತು ಅಕ್ಕೋರೆ. ಒಳಗೆ ಕರೆಯುವುದು ದೇವರ ಕೆಲಸ, ನಾನು ಅವಸರ ಮಾಡಿದೆ. ಬೇಡುವುದು ನನ್ನ ಕೆಲಸ, ಅದನ್ನು ಮಾಡುತ್ತೇನೆ," ಎಂದರು. ಅಂದಿನಿಂದ ಅವರು ಪೂಜೆಗೆ ಬಂದಾಗಲೆಲ್ಲ ಅಗಲಿದವರ ಹೆಸರಿನ ಜಾಗದಲ್ಲಿ ಅವ್ವನ ಹೆಸರು ಬರುತ್ತದೆ.

ಗಂಗವ್ವ ಕಾಕುವನ್ನು ಒಪ್ಪಿಸಿದೆ, ಫಾದರನ್ನು ತಿದ್ದಿದೆ. ಇನ್ನು ಗೆದ್ದೆ ಎಂದು ಬೀಗುತ್ತಿದ್ದೆ. ಸಿಸಿಲತ್ತಿಯ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಅವ್ವನ ಬಗ್ಗೆ ಒಳ್ಳೆಯ ಮಾತನ್ನು ಅವಳ ಬಾಯಿಂದ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಊರೆಲ್ಲ ಹೊಗಳಿದರೂ ಅತ್ತಿಯಾದರೂ ಅವ್ವನನ್ನು ಬಚ್ಚಲಿನಲ್ಲೇ ಇಟ್ಟಿರುತ್ತಾಳೆ ಎಂದು ಧೈರ್ಯವಾಗಿದ್ದೆ.

ಏಳನೆಯ ದಿನ ಇಳಿಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಜಪಮಾಲೆ. ನಮ್ಮವರ ಮನೆಗಳ ಹೆಂಗಸರು, ಗಂಗವ್ವ ಕಾಕು, ಎಲ್ಲರೂ ಜಮಖಾನೆಯ ಮೇಲೆ ಕುಳಿತಿದ್ದರು. ಅತ್ತಿ ಪ್ರಾರ್ಥನೆ ನಡೆಸುತ್ತಿದ್ದಳು. ಕೊನೆಗೆ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದಳು. ಒಂದೊಂದಕ್ಕೂ ನಾವು "ನಮಗಾಗಿ ಪ್ರಾರ್ಥಿಸಿರಿ" ಅಂದೆವು. ಸಂತರು ಮುಗಿದರು. ಅತ್ತಿ ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು, "ನಮ್ಮ ತೆರೆಸವ್ವ" ಎಂದಳು.

ಹೆಂಗಸರು ಅಭ್ಯಾಸದಲ್ಲಿ "ನಮಗಾಗಿ ಪ್ರಾರ್ಥಿಸಿರಿ" ಎಂದುಬಿಟ್ಟರು.

ಬದುಕಿದ್ದಾಗ ಅವ್ವ ಕೇಳಬೇಕೆಂದು ಎಷ್ಟು ಆಸೆಪಟ್ಟಿದ್ದಳೋ ಆ ಒಳ್ಳೆಯ ಮಾತನ್ನು ಅತ್ತಿ ಕೊನೆಗೂ ಆಡಿದ್ದಳು, ಅದೂ ಸಂತರ ಸಾಲಿನಲ್ಲಿ ಕೂರಿಸಿ. ಅದೇ ಮಾತನ್ನು ತಡೆಯಬೇಕೆಂದು ಅವ್ವ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಬಿಟ್ಟುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಬಿಡಲಿಲ್ಲ.

"ಅತ್ತಿ, ನಿಂದ್ರು," ಅಂದೆ. "ಅವ್ವ ಇನ್ನಾ ಅಲ್ಲಿ ಮುಟ್ಟಿಲ್ಲ. ಆಕಿ ಸಲುವಾಗಿ ನಾವು ಬೇಡಬೇಕು."

"ಹೆತ್ತ ಮಗಳಾಗಿ ಹಿಂಗಂತೀ?" ಅತ್ತಿಯ ದನಿ ಏರಿತು. "ಸತ್ತಾಕಿ ಮ್ಯಾಲ ತಪ್ಪ ಹೊರಸಬಾರದು. ತೆರೆಸವ್ವನಂಥಾಕಿ ಹುಡಕಿದ್ರ ಸಿಗೂದಿಲ್ಲ."

"ತಪ್ಪ ಇದ್ದವು ಅತ್ತಿ. ನೀ ಬಂದಾಗ ತುಪ್ಪದ ಡಬ್ಬಿ ಹಿಟ್ಟಿನ ಡಬ್ಬಿ ಹಿಂದ ಮುಚ್ಚಿಡ್ತಿದ್ಲು."

"ಗೊತ್ತಿತ್ತು. ಹುಡಕಿ ತಿಂತಿದ್ದೆ."

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ನಾನು ನಿಲ್ಲಿಸಲಿಲ್ಲ. ಅವ್ವನ ಚಾಡಿಯನ್ನು ನಾನಲ್ಲದೆ ಯಾರು ಹೇಳಬೇಕು? "ಅಪ್ಪನ ಕೂಡ ಮಾತ ಬಿಡ್ತಿದ್ಲು, ವಾರಗಟ್ಟಲೆ. ಕುಪ್ಪಸ ಸೊಟ್ಟ ಹೊಲಿದ ಟೇಲರಗ ಕ್ಷಮಾ ಮಾಡಲಿಲ್ಲ, ಸಾಯೂತನಕ. ಹಟ ಅಂದ್ರ ಹಟ. ತಪ್ಪಾತು ಅನ್ನೂ ಮಾತ ಆಕಿ ಬಾಯಾಗ ಒಮ್ಮೆನೂ ಬಂದಿದ್ದಿಲ್ಲ."

ಅತ್ತಿಯ ಮುಖದ ಮೇಲಿನ ನಗು ಇಳಿಯಿತು. "ಹೌದು," ಅಂದಳು ಮೆಲ್ಲಗೆ. "ಬರಲಿಲ್ಲ."

ಜಪಮಾಲೆಯನ್ನು ಮಡಿಲಿಗೆ ಇಳಿಸಿದಳು. ಪ್ರಾರ್ಥನೆಯನ್ನು ನಾನೇ ಮುಗಿಸಿದೆ. ಹೆಂಗಸರು ಅವಲಕ್ಕಿ ತಿಂದು, ಚಹಾ ಕುಡಿದು ಹೋದರು. ಅತ್ತಿ ಗೋಡೆಗೆ ಒರಗಿ ಕುಳಿತೇ ಇದ್ದಳು. ಚಹಾ ಆರಿತ್ತು. ಬಿಸಿ ಮಾಡಿ ತರಲೇ ಎಂದು ಕೇಳಲು ಹೋದರೆ, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮಪ್ಪನ ಸುದ್ದಿ ಬಂದ ದಿನ ಮುದ್ದೇಬಿಹಾಳದಿಂದ ಬಿದ್ದ ಎದ್ದ ಬಂದೆ. ಕಾಲಿಗೆ ಚಪ್ಲಿ ಇದ್ದಿಲ್ಲ. ನಾ ಬರೂದ್ರಾಗ ಮಣ್ಣ ಮಾಡಿ ಮುಗಿಸಿದ್ರಿ. ಗೋರಿ ಮ್ಯಾಲಿನ ಮಣ್ಣ ಇನ್ನಾ ಹಸೀದಿತ್ತು. ತೆರೆಸವ್ವ ಕೈ ತೊಳಕೊಳ್ಳಾಕತ್ತಿದ್ಲು. ಒಂದ ತಾಸ ಕಾಯಲಿಲ್ಲ ಆಕಿ. ನನ್ನ ತಮ್ಮನ ಮುಖ ನಾ ನೋಡಲಿಲ್ಲ."

ನನಗೆ ಆ ದಿನ ನೆನಪಿತ್ತು. ಆ ಬಿಸಿಲು, ಊರಲ್ಲೆಲ್ಲ ಹುಡುಕಿದರೂ ಸಿಗದ ಐಸು, ಇನ್ನೊಂದು ಊರಿಗೆ ಹೋಗಬೇಕೆಂದು ಗಡಿಯಾರ ನೋಡುತ್ತಿದ್ದ ಹಳೆಯ ಫಾದರ್, ಕೊನೆಗೆ "ಎತ್ರಿ" ಎಂದ ಅವ್ವನ ದನಿ. "ಅತ್ತಿ, ಮೇ ತಿಂಗಳ. ಹೆಣ ಇಡೂ ಹಂಗ ಇದ್ದಿಲ್ಲ..." ಎಂದು ಶುರು ಮಾಡಿದೆ.

"ಗೊತ್ತೈತಿ. ಬಿಸಲ ನನಗ ಗೊತ್ತಿಲ್ಲೇನು? ಆಕಿ ಜಾಗಾದಾಗ ನಾ ಇದ್ರೂ ಹಂಗಽ ಮಾಡ್ತಿದ್ದೆ. ಆದ್ರ ಆಮ್ಯಾಲ ಒಂದ ಮಾತ ಅನ್ನಬೇಕಿತ್ತು. 'ಅಕ್ಕಾ, ನಿನಗ ಅವನ ಮುಖ ತೋರಸಲಿಲ್ಲ, ತಪ್ಪಾತು' ಅಂತ. ಇಷ್ಟ ವರ್ಷ ಅದೊಂದ ಮಾತಿನ ಸಲುವಾಗಿ ನವೆಂಬರಕ್ಕೊಮ್ಮೆ ಬಸ್ ಹತ್ತಿ ಬಂದೆ. ಅವನ್ನ ಸ್ವರ್ಗದಾಗ ಯಾಕ ಇಟ್ಟೆ ಅಂತ ಮಾಡೀ? ಇಲ್ಲಿ ನೋಡಲಿಲ್ಲ, ಅಲ್ಲೆರೆ ಮುಖ ನೋಡಾಕ ಸಿಗಲಿ ಅಂತ."

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ತಿರುಗಿ ಹೇಳದೆ ಬಿಟ್ಟದ್ದು ಏನೆಂದು ಆಗ ತಿಳಿಯಿತು. ಅವಳಿಗೂ ಅದು ಗೊತ್ತಿತ್ತು. ಒಂದು ಮಾತು ಆಡಲಾರದೆ ಹಟದಲ್ಲಿ ಹೋಗಿದ್ದಳು. ನನಗೆ ಅಳು ಬಂತು. ಅತ್ತಿ ಅಳಲಿಲ್ಲ, ಗೋಡೆಯ ಮೇಲಿದ್ದ ಅವ್ವನ ಫೋಟೋ ನೋಡುತ್ತ ಕುಳಿತಿದ್ದಳು.

"ನಾ ಇದನ್ನ ಮನಸಿನಾಗ ಇಟ್ಕೊಂಡಿದ್ದಕ್ಕ ಆಕಿಗೆ ಅಲ್ಲಿ ತ್ರಾಸ ಆಗ್ತಿರಬಹುದೇನು?"

ಫಾದರ್ ಇದ್ದಿದ್ದರೆ ಏನು ಹೇಳುತ್ತಿದ್ದರೋ ನನಗೆ ತಿಳಿಯದು. ಮುಪ್ಪಿನಲ್ಲಿರುವ ಹೆಂಗಸಿಗೆ ಹೌದು ಎನ್ನುವುದು ಕ್ರೂರ. ಇಲ್ಲ ಎಂದರೆ ಅವ್ವನ ಪಾಲಿನ ನೀರನ್ನು ನನ್ನ ಕೈಯಾರೆ ಚೆಲ್ಲಿದಂತೆ. "ಆಗ್ತಿರಬಹುದು ಅತ್ತಿ," ಅಂದೆ.

ಅತ್ತಿ ಗೋಡೆ ಹಿಡಿದು ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಫೋಟೋದ ಮುಂದೆ ಶಹಾಬಾದ ಕಲ್ಲಿನ ನೆಲದ ಮೇಲೆ ಮೊಣಕಾಲೂರಿದಳು. ಜಮಖಾನೆ ಎಳೆಯಲು ಹೋದೆ, ಬೇಡವೆಂದು ಕೈ ಮಾಡಿದಳು.

"ತಂದೀ, ತೆರೆಸವ್ವನ ಆತ್ಮಕ್ಕ ಶಾಂತಿ ಕೊಡು," ಎಂದಳು. ಮತ್ತೊಮ್ಮೆ ಅದನ್ನೇ ಹೇಳಿದಳು, ಈ ಸಲ ಗಟ್ಟಿಯಾಗಿ. ಆಮೇಲೆ ದೇವರನ್ನು ಅಲ್ಲಿಗೇ ಬಿಟ್ಟು ಅವ್ವನ ಕಡೆ ತಿರುಗಿದಳು.

"ಮಾಫ ಮಾಡೇನಿ ತೆರೆಸವ್ವಾ. ಕೇಳ್ತೈತೇನು? ಮಾಫ ಮಾಡೇನಿ. ನನ್ನ ದಿನಗೋಳೂ ಸಮೀಪ ಬಂದಾವ. ನಾ ಬರೂತನಕ ಹಾದಿ ನೋಡು. ಈ ಸಲರೆ ಕಾಯಿ."